ಪುಟ್ಟಿ ಗಿಟಾರು: ‘ಮನೆ ಮಂದಿ’ ಗುಂಪಿನಲ್ಲಿ ಶನಿವಾರ ರಾತ್ರಿ

(ಅಕ್ಕನ ಮಗಳು ಪುಟ್ಟಿಗೆ ಗಿಟಾರ್ ಕೊಡಿಸೋಕೆ ಮನೆಯವರೆಲ್ಲ ಸೇರಿ ದುಡ್ಡು ಹಾಕಿದ್ವಿ. ಯಾವುದು ಕೊಳ್ಳೋದು ಅಂತ ಫೋನಿನ ಗುಂಪಿನಲ್ಲಿ ನಡೆದ ಮಾತು ಇದು.)

ಚಿಕ್ಕಪ್ಪ: (ಫೋಟೊ) ಪುಟ್ಟಿಗೆ ಗಿಟಾರ್ ಸಿಕ್ತು ನೋಡ್ರಪ್ಪ. ಹಂಗೂ ನುಡಿಸಬಹುದು, ವೈರ್ ಹಾಕಿ ಸ್ಪೀಕರ್ ಬಾಕ್ಸಿಗೂ ಕೊಡಬಹುದು. ಬ್ಯಾಗು, ಬೆಲ್ಟು, ಇನ್ನೊಂದು ಸೆಟ್ ತಂತಿ ಫ್ರೀ. 8,499. ಆಫರ್ ಇವತ್ತು ರಾತ್ರಿ 12ರ ತನಕ ಅಷ್ಟೆ. ಬುಕ್ ಮಾಡ್ಲಾ?

ದೊಡ್ಡಪ್ಪ: ಮಾಡು ಮಾಡು. ಚಂದ ಐತೆ.

ನಾನು: ಚಿಕ್ಕಪ್ಪ, ದಯವಿಟ್ಟು ತಡೀರಿ. ಅದು ಸ್ಟೀಲ್ ತಂತಿದು. ಪುಟ್ಟಿ ಎರಡು ವರ್ಷದಿಂದ ಕಲೀತಿರೋದು ನೈಲಾನ್ ತಂತಿ ಮೇಲೆ.

ಚಿಕ್ಕಪ್ಪ: ತಂತಿ ತಾನೆ. ನೈಲಾನ್ ಸೆಟ್ ತಂದು ಹಾಕ್ಸಾಣ ಬಿಡು.

ನಾನು: ಅದು ಆಗಲ್ಲ ಚಿಕ್ಕಪ್ಪ. ನೈಲಾನ್ ಆರೂ ತಂತಿ ಸೇರಿ ಎಳೆಯೋದು ಹತ್ತಿರ ಹತ್ತಿರ 40 ಕೆಜಿ. ಸ್ಟೀಲ್ ಸೆಟ್ 70 ಕೆಜಿ ದಾಟುತ್ತೆ. ಸ್ಟೀಲಿಗೆ ಅಂತ ಕಟ್ಟಿದ ಗಿಟಾರಿನ ಮೇಲ್ಹಲಗೆ ಅಷ್ಟು ಎಳೆತ ತಡೆಯೋ ಹಂಗೆ ಬಿಗಿಯಾಗಿರುತ್ತೆ. ಅದಕ್ಕೆ ನೈಲಾನ್ ಕಟ್ಟಿದ್ರೆ ಹಲಗೆ ಸರಿಯಾಗಿ ಅಲುಗಲ್ಲ, ದನಿ ಸತ್ತೋಗುತ್ತೆ. ಉಲ್ಟಾ ಮಾಡಿದ್ರೆ ಏನಾಗುತ್ತೆ ಅಂತ ನಾನೇ ಕಂಡೀನಿ. ಡಿಪ್ಲೊಮಾ ಓದುವಾಗ ಅಪ್ಪ ಭತ್ತ ಮಾರಿದ ದುಡ್ಡಲ್ಲಿ ನನಗೆ ನೈಲಾನ್ ಗಿಟಾರ್ ಕೊಡಿಸಿದ್ರು, ನೆನಪೈತಾ? ತಂತಿ ಕಿತ್ತೋಯ್ತು ಅಂತ ಒಂದು ಅಂಗಡಿಗೆ ಒಯ್ದೆ. ಸೌಂಡ್ ಜೋರು ಬರುತ್ತೆ ಅಂದು ಸ್ಟೀಲ್ ಹಾಕಿ ಕೊಟ್ರು. ಒಂದೂವರೆ ತಿಂಗಳಿಗೆ ತಂತಿ ಕಟ್ಟೋ ಬ್ರಿಡ್ಜು ಹಿಂದ್ಗಡೆಯಿಂದ ಎದ್ದಿತ್ತು. ಬಸ್ ಟಿಕೆಟ್ ತೂರಿಸಿದ್ರೆ ಅರ್ಧ ಒಳಗೆ ಹೋಗೋದು. ಮೇ ತಿಂಗಳ ಒಂದು ಮಧ್ಯಾಹ್ನ, ಯಾರೂ ಮುಟ್ಟದೇನೇ, ಟಪ್ ಅಂತ ಕಿತ್ತು ಬಂತು, ಮೇಲ್ಹಲಗೆ ಸಿಬಿರು ಸಮೇತ. ಇವತ್ತಿಗೂ ಅಟ್ಟದ ಮೇಲೈತೆ ಅದು. ಅಪ್ಪನಿಗೆ ನಾನು ಹೇಳಲೇ ಇಲ್ಲ.

ಅಕ್ಕ: ಇದು ನನಗೂ ಗೊತ್ತಿರಲಿಲ್ಲ ಕಣೋ.

ದೊಡ್ಡಪ್ಪ: ಅದ್ಯಾವುದಪ್ಪ ನೈಲಾನು? ಮೀನು ಹಿಡಿಯೋ ದಾರ ಇದ್ದಂಗಾ?

ನಾನು: ಹೆಚ್ಚುಕಡಿಮೆ ಹಂಗೇ ದೊಡ್ಡಪ್ಪ. ಮೊದಲು ಪ್ರಾಣಿ ಕರುಳಿನ ತಂತಿ ಹಾಕ್ತಿದ್ರು. ಎರಡನೇ ಮಹಾಯುದ್ಧದಾಗ ಕರುಳೆಲ್ಲ ಗಾಯ ಹೊಲಿಯೋಕೆ ಹೋಗಿ ಗಿಟಾರಿಗೆ ಸಿಗದಂಗಾಯ್ತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ಅನ್ನೋರು ನೈಲಾನ್ ತಂತಿ ಮಾಡಿದ್ರು. ಸ್ಪೇನಿನ ದೊಡ್ಡ ವಾದಕ ಸೆಗೋವಿಯಾ ಅದನ್ನೇ ನುಡಿಸಿ ಜಗತ್ತಿಗೆ ಕೇಳಿಸಿದ್ರು. ತೆಳು ಮೂರು ಬರೀ ನೈಲಾನು. ದಪ್ಪ ಮೂರಕ್ಕೆ ನೈಲಾನ್ ಎಳೆ ಮೇಲೆ ಬೆಳ್ಳಿ ಲೇಪದ ತಾಮ್ರ ಸುತ್ತಿರ್ತಾರೆ.

ಭಾವ: ಹಂಗಾದ್ರೆ ವೈರ್ ಹಾಕೋದು ಯಾಕೆ ಬೇಕು? ಸಾದಾದು ತಗೊಂಡು ಮುಂದೆ ಮೈಕ್ ಇಟ್ರೆ ಆತಲ್ಲ, ದುಡ್ಡೂ ಉಳೀತೈತೆ.

ಅಕ್ಕ: ಬಸವ ಜಯಂತಿ ದಿನ ಮೈಕ್ ಇಟ್ಟಿದ್ರಲ್ರಿ, ಏನಾತು? ತಬಲ, ಹಾರ್ಮೋನಿಯಂ ನಡುವೆ ಇವಳ ಗಿಟಾರು ಒಂಚೂರೂ ಕೇಳಲಿಲ್ಲ. ವಚನ ಮುಗಿದ ಮೇಲೆ ಪೆಂಡಾಲಿನ ಹಿಂದೆ ಹೋಗಿ ಕೂತಳು. ಪ್ರಸಾದಕ್ಕೂ ಬರಲಿಲ್ಲ. ನೀವು ಕಾರ್ ತೆಗೆಯೋಕೆ ಹೋಗಿದ್ರಿ.

ಭಾವ: ಸರಿ, ಬೇಕು.

ಚಿಕ್ಕಪ್ಪ: ಒಂದು ಡೌಟು. ನೈಲಾನಿಗೆ ಮ್ಯಾಗ್ನೆಟ್ ಹಿಡಿಯಲ್ಲ. ದಿನಾ ಮೋಟಾರ್ ವೈಂಡಿಂಗ್ ಮಾಡೋನು ನಾನು, ಕಾಯಿಲ್ ಇಟ್ರೂ ಕರೆಂಟ್ ಹುಟ್ಟಲ್ಲ. ಮತ್ತೆ ಬಾಕ್ಸಿಗೆ ದನಿ ಹೆಂಗೆ ಹೋಗ್ತೈತೆ?

ನಾನು: ಸರಿಯಾದ ಪ್ರಶ್ನೆ ಚಿಕ್ಕಪ್ಪ. ಅದಕ್ಕೇ ಇದರಲ್ಲಿ ಕಾಯಿಲ್ ಇರಲ್ಲ. ಬ್ರಿಡ್ಜಿನ ಮೇಲೆ ತಂತಿ ಕೂರೋ ಬಿಳಿ ಪಟ್ಟಿ ಇರುತ್ತಲ್ಲ, ಸ್ಯಾಡಲ್, ಅದರ ಅಡಿಗೆ ಪೀಝೋ ಪಟ್ಟಿ ಇಟ್ಟಿರ್ತಾರೆ, ಪಿಕಪ್ ಅನ್ನೋದು ಇದನ್ನೇ. ತಂತಿ ನಡುಗಿದಂಗೆ ಒತ್ತಡ ಹೆಚ್ಚುಕಡಿಮೆ ಆಗಿ ವೋಲ್ಟೇಜ್ ಹುಟ್ಟುತ್ತೆ. ಚಿಕ್ಕಮ್ಮ ಗ್ಯಾಸ್ ಹಚ್ಚೋ ಲೈಟರ್ ಒಳಗಿರೋದೂ ಅದೇ ಜಾತಿದು. ಹುಟ್ಟೋ ಸಿಗ್ನಲ್ ಸಣ್ಣದು, ಅದನ್ನ ಎತ್ತಿ ಕೊಡೋಕೆ ಪಕ್ಕದಲ್ಲಿ ಒಂದು ಪ್ರಿಆಂಪ್, ಅದಕ್ಕೆ ಬ್ಯಾಟರಿ.

ಚಿಕ್ಕಪ್ಪ: ಹಾಂ, ಈಗ ತಿಳೀತು.

ಬೆಂಗಳೂರು ಅಣ್ಣ: ಲೇಟಾಗಿ ನೋಡ್ದೆ. ನೈಲಾನ್ ಸರಿ, ಪಿಕಪ್ ಸರಿ. ಆದ್ರೆ ದಪ್ಪ ಬಾಡಿದು ಬೇಡ. ಸ್ಟೇಜ್ ಮೇಲೆ ಬಾಕ್ಸ್ ಪಕ್ಕ ಕೂತ್ರೆ ಗುಂಯ್ ಅಂತ ಕೂಗುತ್ತೆ. ತೆಳು ಬಾಡಿ, ಕುತ್ತಿಗೆ ಪಕ್ಕ ಬಾಡಿ ಕೊರೆದಿರೋದು, ಕಟ್‌ಅವೇ ಅಂತಾರಲ್ಲ, ಅದು ತಗೊಳ್ಳಿ. ಯಮಹಾ ಎನ್‌ಟಿಎಕ್ಸ್1 ನೋಡಿ. ಕುತ್ತಿಗೆ ಅಗಲ 48 ಮಿಮೀ, ಕೈಗೆ ಹಗುರ.

ನಾನು: ಅಣ್ಣ, ಎಲ್ಲರೂ ಸೇರಿ ಹಾಕಿರೋದು 20 ಸಾವಿರ. ಎನ್‌ಟಿಎಕ್ಸ್1 ಅದರೊಳಗೆ ಬರಲ್ಲ. ಬಂದಿದ್ರೂ ನಾನು ಬೇಡ ಅಂತಿದ್ದೆ. ನೀನು ಸ್ಟೀಲಿಂದ ನೈಲಾನಿಗೆ ಬಂದವನು. ಸ್ಟೀಲ್ ಗಿಟಾರಿನ ಕುತ್ತಿಗೆ 43ರ ಹತ್ತಿರ, ನಿನ್ನ ಕೈಗೆ 48 ಅಂದ್ರೇನೇ ಅಗಲ. ಪುಟ್ಟಿ ಕೈ ಕೂತಿರೋದು ಮೇಷ್ಟ್ರ ಗಿಟಾರಿನ 52ರ ಮೇಲೆ. ಯಮಹಾ ಸಿಎಕ್ಸ್40 ತಗೊಳ್ಳಾಣ. 52 ಮಿಮೀ ಕುತ್ತಿಗೆ, 650 ಮಿಮೀ ತಂತಿ ಉದ್ದ, ಪೂರ್ತಿ ಬಾಡಿ, ಪಿಕಪ್ ಕೂಡಿಸಿಯೇ ಬರುತ್ತೆ. ಮನೇಲಿ ವೈರ್ ಇಲ್ಲದೆ ನುಡಿಸಿದ್ರೂ ದನಿ ತುಂಬಿರುತ್ತೆ. ವರ್ಷಕ್ಕೆ ಮೂರು ದಿನ ಸ್ಟೇಜು, ಮಿಕ್ಕ ದಿನವೆಲ್ಲ ಮನೆ ಜಗಲಿ. ಆ ಮಿಕ್ಕ ದಿನಕ್ಕೆ ಗಿಟಾರ್ ಕೊಳ್ಳಬೇಕು.

ಬೆಂಗಳೂರು ಅಣ್ಣ: ಕೂಗೋದಕ್ಕೇನು ಮಾಡ್ತೀಯ?

ನಾನು: ಬಾಕ್ಸಿನ ಮುಂದೆ ಕೂರಿಸಲ್ಲ, ಪಕ್ಕಕ್ಕೆ ಸರಿಸ್ತೀನಿ. ಬೇಸ್ ದನಿ ಸ್ವಲ್ಪ ಇಳಿಸ್ತೀನಿ. ನಡುವಿನ ತೂತಿಗೆ ರಬ್ಬರ್ ಮುಚ್ಚಳ ಸಿಗುತ್ತೆ. ಜೋರು ಡ್ರಮ್ಸ್ ಜೊತೆ ನುಡಿಸೋಳಾಗಿದ್ರೆ ನಿನ್ನ ಮಾತೇ ಸರಿ.

ಬೆಂಗಳೂರು ಅಣ್ಣ: ಸಿಎಕ್ಸ್40 ಮೇಲ್ಹಲಗೆ ಪದರ ಅಂಟಿಸಿದ್ದು ಕಣೋ. ಕೊಡೋದು ಕೊಡ್ತೀವಿ, ಪದರ ಇಲ್ಲದ ಸಾಲಿಡ್ ಸ್ಪ್ರೂಸ್ ಮರದ್ದು ತಗೊಳ್ಳೋದು ಬಿಟ್ಟು.

ನಾನು: ಒಪ್ಪಿದೆ, ಇಡೀ ಹಲಗೆ ದನಿ ಬೇರೆನೇ, ವರ್ಷ ಕಳೆದಂಗೆ ಇನ್ನೂ ಬಿಚ್ಚಿಕೊಳ್ಳುತ್ತೆ. ಆದ್ರೆ ಅದಕ್ಕೆ ಗಾಳೀಲಿ ನೂರಕ್ಕೆ 45ರಿಂದ 55ರಷ್ಟು ತೇವ ಬೇಕು. ನಮ್ಮೂರ ಏಪ್ರಿಲ್ ನಿನಗೆ ಮರೆತೋಗಿರಬೇಕು. ಹಂಚಿನ ಮನೆ, ಮಧ್ಯಾಹ್ನ ಬಾಗಿಲ ಮರವೇ ಚಟಚಟ ಅಂತಿರುತ್ತೆ. ಒಂದೇ ಬೇಸಿಗೆಗೆ ಸೀಳು ಬಿಟ್ರೆ ಮಗು ಏನು ಮಾಡ್ಬೇಕು? ಪದರದ ಹಲಗೆ ತಡೆಯುತ್ತೆ. ಇನ್ನು ಐದು ವರ್ಷಕ್ಕೆ ಅವಳೇ ದುಡಿದು ಸಾಲಿಡ್ ತಗೊಳ್ಳಲಿ.

ಬೆಂಗಳೂರು ಅಣ್ಣ: ನನಗೇನೋ ಇನ್ನೊಂದಿಷ್ಟು ಹಾಕಿ ಒಳ್ಳೇದು ಕೊಡಿಸಬೇಕು ಅನ್ಸುತ್ತೆ.

ಅಕ್ಕ: ಕೊಡಿಸೋದು ಯಾರಿಗೋ ಅವಳನ್ನ ಕೇಳ್ರೋ. ಇಲ್ಲೇ ಪಕ್ಕದಾಗ ಕೂತು ಎಲ್ಲಾ ಓದ್ತಾ ಅವಳೆ.

ಪುಟ್ಟಿ: ದೊಡ್ಡ ಮಾಮ, ರಜೆಗೆ ಬಂದಾಗ ನಿಮ್ಮ ಗಿಟಾರ್ ಮುಟ್ಟಿದ್ದೆ. ತುಂಬಾ ಚೆನ್ನಾಗಿದೆ. ಆದ್ರೆ ಒಂದು ತಂತಿ ಒತ್ತಿದ್ರೆ ಬೆರಳು ಪಕ್ಕದ ತಂತಿಗೂ ತಾಗಿ ಅದು ಮೂಕ ಆಗ್ತಿತ್ತು. ಮೇಷ್ಟ್ರದ್ರಲ್ಲಿ ಹಂಗಾಗಲ್ಲ. ನನಗೆ ಅಗಲ ಇರೋದೇ ಇರಲಿ.

ಬೆಂಗಳೂರು ಅಣ್ಣ: ಸರಿ ಪುಟ್ಟಾ. ಇಲ್ಲಿ ಅಂಗಡೀಲಿ ಆಗಲೇ ಫೋನ್ ಮಾಡಿ ಕೇಳ್ದೆ, 20ರೊಳಗೆ ಬರುತ್ತಂತೆ. ಆದ್ರೆ ನುಡಿಸಿ ನೋಡದೆ ದುಡ್ಡು ಕೊಡಬೇಡಿ.

ನಾನು: ಮುಂದಿನ ಭಾನುವಾರ ಬೆಳಗಿನ ಟ್ರೈನಿಗೆ ನಾನು, ಪುಟ್ಟಿ ಬರ್ತೀವಿ. ಆಂಪ್ಲಿಫೈಯರಿಗೆ ಹಾಕಿಸಿ ಆರೂ ತಂತಿ ಒಂದೊಂದೇ ಒಂದೇ ಜೋರಲ್ಲಿ ಮೀಟಬೇಕು. ಸ್ಯಾಡಲ್ ಸರಿಯಾಗಿ ಕೂತಿಲ್ಲ ಅಂದ್ರೆ ಒಂದು ತಂತಿ ಮಂಕಾಗಿ ಕೇಳುತ್ತೆ. ಬ್ರಿಡ್ಜಿನ ಹಿಂದೆ ಬಸ್ ಟಿಕೆಟ್ ತೂರಿಸಿ ನೋಡೋದು ನಾನಂತೂ ಬಿಡಲ್ಲ. ಪುಟ್ಟಿ, ನುಡಿಸಿ ಆದ ಮೇಲೆ ವೈರ್ ಕಿತ್ತಿಡಬೇಕು. ವೈರ್ ಚುಚ್ಚಿದ್ರೆ ಪ್ರಿಆಂಪ್ ಆನ್ ಇದ್ದಂಗೆ, ರಾತ್ರಿಯೆಲ್ಲಾ ಬ್ಯಾಟರಿ ತಿನ್ನುತ್ತೆ. ಹೊಸ ತಂತಿ ಮೊದಲ ನಾಲ್ಕೈದು ದಿನ ಶ್ರುತಿ ಇಳೀತಾನೇ ಇರುತ್ತೆ, ಹೆದರಬೇಡ.

ಚಿಕ್ಕಪ್ಪ: ಬುಕ್ ಮಾಡಲ್ಲ ಬಿಡ್ರಿ. ನಂದು 3 ಸಾವಿರ ಹಂಗೇ ಇರಲಿ. ಬಾಕ್ಸಿಗೆ ಹೋಗೋ ವೈರ್ ಮಾತ್ರ ಕೊಳ್ಳಬ್ಯಾಡ್ರಿ, ಒಳ್ಳೆ ಶೀಲ್ಡ್ ಕೇಬಲ್ ತಂದು ನಾನೇ ಬೆಸುಗೆ ಹಾಕಿ ಕೊಡ್ತೀನಿ. ಎಷ್ಟು ಉದ್ದ ಬೇಕು ಪುಟ್ಟಿ?

ಪುಟ್ಟಿ: ಐದು ಮೀಟರ್ ತಾತ. ಅಮ್ಮಾ, ಇನ್ನಾದ್ರೂ ಉಗುರು ಕತ್ತರಿಸು ಅಂತ ಬೈಯಬೇಡ ಪ್ಲೀಸ್.

ಅಕ್ಕ: ತಂತಿ ಮೀಟೋ ಬಲಗೈದು ಬಿಡು. ಎಡಗೈದು ಈಗ್ಲೇ ಕತ್ತರಿಸಿಕೊ.