ಬಾಯಿ ತೆರೆದು ಮಲಗುವ ಕಾಟ: ಮೂಗಿನ ಉಸಿರಿಂದ ನಿದ್ದೆ ಸರಿಹೋದವರು ಇದ್ದೀರಾ?

ಚಿಂತಾಮಣಿಯವನು:
ವಯಸ್ಸು 41. ರಾತ್ರಿಯೆಲ್ಲ ಬಾಯಿ ತೆರೆದೇ ಮಲಗುತ್ತೇನಂತೆ. ಬೆಳಿಗ್ಗೆ ನಾಲಗೆ ಹುಣಸೆ ಸಿಪ್ಪೆ ಥರ ಒಣಗಿರುತ್ತದೆ. ಗೊರಕೆ ತಾಳಲಾರದೆ ಮಗಳು ಹಾಸಿಗೆಯನ್ನು ಹಾಲ್‌ಗೆ ಸಾಗಿಸಿದ್ದಾಳೆ. ಬಾಯಿಗೆ ಟೇಪ್ ಅಂಟಿಸಿ ಮಲಗಿದರೆ ಮೂಗಿನ ಉಸಿರು ರೂಢಿಯಾಗುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನನಗೆ ಎಡಮೂಗು ಸದಾ ಕಟ್ಟಿರುತ್ತದೆ. ಮಾಡಿ ನೋಡಿದವರು ಹೇಳಿ.

ಮೀಸೆ ತೆಗೆದವನು, ಕೋಲಾರ:
ಎರಡು ವರ್ಷದಿಂದ ಟೇಪ್ ಹಾಕುತ್ತಿದ್ದೇನೆ. ಮೊದಲು ಮೆಡಿಕಲ್ ಸ್ಟೋರಿನ ಕಾಗದದ ಟೇಪು, 45 ರೂಪಾಯಿ. ಮೀಸೆ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದರೆ ದಿಂಬಿಗೆ ಅಂಟಿರುತ್ತಿತ್ತು. ಆನ್‌ಲೈನಲ್ಲಿ ತುಟಿಗೆಂದೇ ಮಾಡಿದ ಪಟ್ಟಿ ತರಿಸಿದೆ, ಮೂವತ್ತಕ್ಕೆ 599. ಅದೂ ಅದೇ ಕಥೆ. ಕೊನೆಗೆ ಮೀಸೆಯನ್ನೇ ತೆಗೆಸಿದೆ. ಮಾರನೇ ದಿನ ಟೊಮೇಟೊ ಮಂಡಿಗೆ ಹೋದರೆ ಹರಾಜು ಬಿಟ್ಟು ಎಲ್ಲರೂ ಕೈ ಹಿಡಿದುಕೊಂಡು "ಯಾರು ಹೋದರಣ್ಣ?" ಅಂತ ಕೇಳಿದರು. ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಆರು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೂ ಹೇಳುತ್ತೇನೆ, ಮೂಗಿನ ಉಸಿರೇ ಉಸಿರು. ಸೈನಸ್ ಅಂದರೆ ಮೂಗಿನ ಸುತ್ತಲಿನ ಎಲುಬಿನ ಟೊಳ್ಳುಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಹುಟ್ಟುತ್ತದೆ, ಮೂಗಲ್ಲಿ ಎಳೆದುಕೊಂಡರೆ ಮಾತ್ರ ಶ್ವಾಸಕೋಶಕ್ಕೆ ಇಳಿಯುತ್ತದೆ. 1998ರಲ್ಲಿ ಇದಕ್ಕೆ ನೊಬೆಲ್ಲೇ ಬಂದಿದೆ.

ಶಿಡ್ಲಘಟ್ಟ ರೀಲರ್:
ನೊಬೆಲ್ ಬಂದದ್ದು ಆ ಅನಿಲ ರಕ್ತನಾಳದಲ್ಲಿ ಏನು ಮಾಡುತ್ತದೆ ಅಂತ ತೋರಿಸಿದವರಿಗೆ. ಬಾಯಿಗೆ ಪ್ಲಾಸ್ಟರ್ ಹಾಕಿಕೊಂಡವರಿಗಲ್ಲ ಸ್ವಾಮಿ. ಮೂಗೇ ಮುಚ್ಚಿರುವವನು ಬಾಯನ್ನೂ ಮುಚ್ಚಿಕೊಂಡು ಏನು ಮಾಡಬೇಕು?

ನನ್ನದು ಮೂಗಿನ ನಡುಗೋಡೆ ಸೊಟ್ಟ. ಕ್ಸೈಲೋಮೆಟಜೋಲಿನ್ ಡ್ರಾಪ್ಸ್ ಕೆಲವೇ ದಿನ ಹಾಕಬೇಕು ಅಂತಾರೆ, ನಾನು ಆರು ವರ್ಷ ಹಾಕಿದೆ. ಹಾಕಿದ ಐದು ನಿಮಿಷಕ್ಕೆ ಮೂಗು ಹೆದ್ದಾರಿ. ಅದರ ಪವರ್ ಇಳಿದ ಮೇಲೆ ಮೊದಲಿಗಿಂತ ಬಿಗಿ. ತಿಂಗಳಿಗೆ ನಾಲ್ಕು ಬಾಟಲಿ. ಕೊನೆಗೆ ಬೆಂಗಳೂರಲ್ಲಿ ಆಪರೇಷನ್. ಸ್ಕ್ಯಾನ್ 3,800, ರಕ್ತಪರೀಕ್ಷೆ 2,150, ಆಪರೇಷನ್ 74,000. ವಿಮೆಯವರು ಹಳೇ ಕಾಯಿಲೆ ಅಂತ 31,000 ಕತ್ತರಿಸಿದರು. ಮೂಗಿನೊಳಗಿಟ್ಟ ಪಟ್ಟಿ ಎಳೆಯುವಾಗ ಮಿದುಳೂ ಜೊತೆಗೇ ಬಂತು ಅಂದುಕೊಂಡೆ. ಹತ್ತು ದಿನ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗಲಿಲ್ಲ, ಆ ನಷ್ಟ ಬೇರೆ. ಈಗ ಗೂಡು ಬೇಯುವ ವಾಸನೆಯೂ ಮೂಗಿಗೆ ಬಡಿಯುತ್ತದೆ. ಹದಿನೈದು ವರ್ಷ ಹೆಂಡತಿ ಏನು ಸಹಿಸಿದಳು ಅಂತ ಆಗ ಗೊತ್ತಾಯಿತು.

ಮೀಸೆ ತೆಗೆದವನು:
ನನ್ನ 45 ರೂಪಾಯಿ ಎಲ್ಲಿ, ನಿಮ್ಮ ಲಕ್ಷ ಎಲ್ಲಿ. ದುಡ್ಡಿದ್ದವರು ಮೂಗು ಕೊಯ್ಸಿಕೊಳ್ಳಲಿ ಬಿಡಿ.

ಶಿಡ್ಲಘಟ್ಟ ರೀಲರ್:
ಲಕ್ಷ ಅಲ್ಲ, 79,950. ಲೆಕ್ಕ ಮೇಲೇ ಬರೆದಿದೆ. ಬಾಯಿಗೆ ಹಾಕೋ ಟೇಪು ಕಣ್ಣಿಗೂ ಹಾಕಿದ್ದೀರಾ?

ಬಟವಾಡಿ ಅಕ್ಕ, ತುಮಕೂರು:
ನಮ್ಮ ಯಜಮಾನರೂ ಟೇಪ್ ಹಾಕಿದರು. ಮೂರು ರಾತ್ರಿ ಮನೆ ತಣ್ಣಗಿತ್ತು. ನಾಲ್ಕನೇ ರಾತ್ರಿ ನೀರು ಕುಡಿಯಲು ಎದ್ದು ನೋಡಿದರೆ ಅವರಿಗೆ ಉಸಿರೇ ಇಲ್ಲ. ಎಣಿಸುತ್ತಾ ನಿಂತೆ, ಇಪ್ಪತ್ತೆರಡರವರೆಗೆ. ಆಮೇಲೆ ಹೋರಿ ಗುಟುರು ಹಾಕಿದ ಹಾಗೆ ಹಾಕಿ ಉಸಿರೆಳೆದರು. ಟೇಪ್ ಕಿತ್ತು ಕಿಟಕಿಯಾಚೆ ಎಸೆದೆ.

ನಿದ್ದೆ ಪರೀಕ್ಷೆಯಲ್ಲಿ ಗಂಟೆಗೆ 38 ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಅಂತ ಬಂತು. 30 ದಾಟಿದರೇ ಜೋರು ಅನ್ನುತ್ತಾರೆ. ಪರೀಕ್ಷೆಗೆ 9,500. ಮಲಗಿದಾಗ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಮಿಷನ್ 46,000. ಮೊದಲ ಮಾಸ್ಕ್ 4,200, ಅದು ಸೋರಿ ಗಾಳಿಯೆಲ್ಲ ಕಣ್ಣಿಗೆ. ಎರಡನೇದು 5,600. ಕರೆಂಟ್ ಹೋಗುತ್ತದಲ್ಲ, ಯುಪಿಎಸ್ 14,000. ಹಬ್ಬಕ್ಕೆ ಊರಿಗೆ ಹೋದಾಗ ನಮ್ಮತ್ತೆ "ಮಗನಿಗೆ ಆಕ್ಸಿಜನ್ ಹಾಕಿಬಿಟ್ಟಿದ್ದಾರೆ" ಅಂತ ಗೋಳಾಡಿದರು. ಆದರೆ ಹಗಲು ತೂಕಡಿಕೆ ನಿಂತಿದೆ. ಬೈಕ್ ಕೀ ವಾಪಸ್ ಕೊಟ್ಟಿದ್ದೇನೆ. ಚಿಂತಾಮಣಿಯವರೇ, ನಿಮ್ಮ ಉಸಿರು ನಡುವೆ ನಿಲ್ಲುತ್ತಾ ಅಂತ ಮೊದಲು ಮಗಳನ್ನು ಕೇಳಿ.

ಮೀಸೆ ತೆಗೆದವನು:
ಅಕ್ಕ, ಅವರ ಕಾಯಿಲೆಗೆ ಟೇಪ್ ಕಾರಣವಲ್ಲ.

ಬಟವಾಡಿ ಅಕ್ಕ:
ಕಾರಣ ಅಂದೆನಾ? ಕಾಯಿಲೆಯನ್ನು ಮುಚ್ಚಿಟ್ಟಿತು ಅಂದೆ. ಗೊರಕೆ ಕೇಳದೆ ನಾನೂ ಮೂರು ರಾತ್ರಿ ಖುಷಿಯಾಗಿ ಮಲಗಿದ್ದೆ. ಹೊಟ್ಟೆ ಉರಿಯೋದು ಅದಕ್ಕೇ.

ಗೌರಿಬಿದನೂರು ನೇತಿ:
ಸುಮ್ನೆ ಸಾವಿರ ಸಾವಿರ ಸುರಿಯುತ್ತಿದ್ದೀರಿ. ಜಲನೇತಿ ಮಾಡಿ, ಅಂದರೆ ಉಪ್ಪುನೀರು ಹಾಯಿಸಿ ಮೂಗು ತೊಳೆಯಿರಿ. ಲೀಟರಿಗೆ 9 ಗ್ರಾಂ ಉಪ್ಪು, ತೂಗಿಯೇ ಹಾಕಿ. ನಾನು ಕಣ್ಣಂದಾಜಲ್ಲಿ ಹಾಕಿ ಮೊದಲ ದಿನ ಅತ್ತುಬಿಟ್ಟೆ. ಕುದಿಸಿ ಆರಿಸಿದ ನೀರೇ ಆಗಬೇಕು. ಕುದಿಸದ ನೀರಲ್ಲಿ ಮೂಗಿನಿಂದ ಮಿದುಳಿಗೆ ಹತ್ತುವ ಅಮೀಬಾ ಇರಬಹುದು. ನನಗಿದ್ದದ್ದು ಕಾಂಗ್ರೆಸ್ ಗಿಡದ ಅಲರ್ಜಿ. ಮಳೆ ಬಿದ್ದು ಖಾಲಿ ಸೈಟುಗಳೆಲ್ಲ ಬೆಳ್ಳಗಾದರೆ ನನ್ನ ಮೂಗಿಗೆ ಬೀಗ. ಡಾಕ್ಟರು ಕೊಟ್ಟ ಫ್ಲುಟಿಕಸೋನ್ ಸ್ಪ್ರೇ ನಾಲ್ಕೇ ದಿನಕ್ಕೆ ಬಿಸಾಕಿದೆ. ಅದು ಪೂರ್ತಿ ಹಿಡಿಯಲು ಒಂದೆರಡು ವಾರ ಬೇಕು ಅಂತ ಆಮೇಲೆ ತಿಳಿಯಿತು. 380 ರೂಪಾಯಿ ಮೋರಿಗೆ.

ಕೆಜಿಎಫ್ ಹಳಬ:
ಕಾಂಗ್ರೆಸ್ ಗಿಡವಂತೆ! ಗಾಳಿ ಕಾಲದಲ್ಲಿ ಬಂದು ನಮ್ಮ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡದ ಕೆಳಗೆ ಒಂದು ವಾರ ಮಲಗಿ. 2001ರಲ್ಲಿ ಗಣಿ ಮುಚ್ಚಿದರು, ಧೂಳು ಮಾತ್ರ ಇನ್ನೂ ಡ್ಯೂಟಿಗೆ ಬರುತ್ತಿದೆ.

ಗೌರಿಬಿದನೂರು ನೇತಿ:
ಯಾರ ಊರಲ್ಲಿ ಧೂಳು ಜಾಸ್ತಿ ಅನ್ನೋ ಪಂದ್ಯವಾ ಇದು?

ಶಿಡ್ಲಘಟ್ಟ ರೀಲರ್:
ಪಂದ್ಯ ಅಂದರೆ ಚಿಕ್ಕಬಳ್ಳಾಪುರದ ಕ್ರಷರ್‌ಗಳನ್ನು ಬಿಟ್ಟು ಮಾಡಬೇಡಿ.

ಮೀಸೆ ತೆಗೆದವನು:
ಟೇಪ್ ಹಾಕಿದರೆ ಧೂಳಿನ ಚಿಂತೆಯೂ ಇಲ್ಲ.

ಕೆಜಿಎಫ್ ಹಳಬ:
ಮೂಗು ತೆರೆದೇ ಇರುತ್ತಲ್ಲ ಗುರುವೇ, ಅದು ಹೋಗೋದು ಅಲ್ಲಿಂದಲೇ ಅಲ್ವಾ?

ಚಿಂತಾಮಣಿಯವನು:
ಮಗಳನ್ನು ಕೇಳಿದೆ. ನಿಲ್ಲುತ್ತದಂತೆ. ಎಷ್ಟು ಹೊತ್ತು ಅಂದರೆ "ನೀನು ಮತ್ತೆ ಶುರು ಮಾಡೋವರೆಗೂ ನಂಗೆ ನಿದ್ದೆ ಬರಲ್ಲಪ್ಪಾ" ಅಂದಳು. ಅಕ್ಕ, ಆ ಪರೀಕ್ಷೆ ಒಂದೇ ರಾತ್ರಿಯದಾ?

ಬಟವಾಡಿ ಅಕ್ಕ:
ಒಂದೇ ರಾತ್ರಿ. ತಲೆಗೆ ಎಣ್ಣೆ ಹಚ್ಚಿಕೊಂಡು ಮಾತ್ರ ಹೋಗಬೇಡಿ, ವೈರು ಅಂಟುವುದಿಲ್ಲ. ನಮ್ಮವರು ಹಚ್ಚಿಕೊಂಡು ಹೋಗಿ ರಾತ್ರಿ ಒಂಬತ್ತಕ್ಕೆ ಆಸ್ಪತ್ರೆಯ ಬಾತ್‌ರೂಮಲ್ಲಿ ತಲೆಗೆ ಸ್ನಾನ ಮಾಡಿದರು.

ಮೀಸೆ ತೆಗೆದವನು:
ಅಂಟದಿದ್ದರೆ ಏನು ಮಾಡಬೇಕು ಅಂತ ನನ್ನನ್ನು ಕೇಳಿ.