ಪದ ಬೇಕು, ಗುರುವಾರದೊಳಗೆ: ಡಿಎನ್‌ಎ ವರದಿಯ ‘ಕ್ಲೋಸ್ ಫ್ಯಾಮಿಲಿ’

ಬೆಂಗಳೂರಿನಿಂದ, ಸೋಮವಾರ

ಎಲ್ಲರಿಗೂ ನಮಸ್ಕಾರ. ಒಂದು ಕಾಗದವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬರೆದವರು ಸ್ವೀಡನ್‌ನಲ್ಲಿ ಬೆಳೆದ ಹೆಣ್ಣುಮಗಳು. 1979ರಲ್ಲಿ ಕೈಗೂಸಾಗಿದ್ದಾಗ ಇಲ್ಲಿಂದ ಹೋದವರು. ಹೆತ್ತವರು ಯಾರು ಅಂತ ಯಾವ ದಾಖಲೆಯಲ್ಲೂ ಇಲ್ಲ. ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರು. ವರ್ಷಗಟ್ಟಲೆ ದೂರದೂರದವರೇ ಸಿಕ್ಕರು. ಆ ಕಂಪನಿಗಳಲ್ಲಿ ಪರೀಕ್ಷೆ ಮಾಡಿಸಿಕೊಂಡ ನಮ್ಮ ಕಡೆಯವರು ಕಡಿಮೆ ಅಲ್ವಾ. ಈಗ ಅಮೆರಿಕದಲ್ಲಿರುವ ಹಾಸನದ ಕಡೆಯ ಒಬ್ಬರ ಜೊತೆ ಸುಮಾರು 1,750 ಸೆಂಟಿಮಾರ್ಗನ್ (ಇಬ್ಬರ ಡಿಎನ್‌ಎ ಎಷ್ಟು ಒಂದೇ ಅಂತ ಅಳೆಯುವ ಮಾನ) ಕೂಡಿ ಬಂದಿದೆ. ಅಂದರೆ ಡಿಎನ್‌ಎಯ ಹೆಚ್ಚುಕಡಿಮೆ ಕಾಲು ಭಾಗ. ವರದಿಯಲ್ಲಿ ‘ಕ್ಲೋಸ್ ಫ್ಯಾಮಿಲಿ’ ಅಂತಿದೆ, ಅಷ್ಟೇ. ಆತ ಈಕೆಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ. ನಮ್ಮ ತಾಯಿಗೆ ನೀವೇ ಬರೆಯಿರಿ, ಅವರಿಗೆ ಕನ್ನಡ ಮಾತ್ರ ಬರುತ್ತದೆ ಅಂದಿದ್ದಾರೆ. ಶುಕ್ರವಾರ ಊರಿಗೆ ಹೊರಟವರ ಕೈಲಿ ಕಾಗದ ಹೋಗಬೇಕು.

ತೊಡಕು ಇಲ್ಲಿದೆ. ಕಾಲು ಭಾಗ ಅಂದರೆ ಆತ ಈಕೆಯ ತಮ್ಮ ಆಗಬಹುದು, ತಾಯಿ ಒಬ್ಬರೇ, ತಂದೆ ಬೇರೆ. ಅಥವಾ ತಂದೆ ಒಬ್ಬರೇ, ತಾಯಿ ಬೇರೆ. ಒಡಹುಟ್ಟಿದ ಅಕ್ಕನದೋ ಅಣ್ಣನದೋ ಮಗನೂ ಆಗಬಹುದು. ಅಕ್ಕನ ಮಗನಾದರೆ ಈಕೆಗೂ ಮಗನೇ. ಅಣ್ಣನ ಮಗನಾದರೆ ಸೋದರಳಿಯ. ಇಂಗ್ಲಿಷಿನಲ್ಲಿ ನೆಫ್ಯೂ ಅಂದು ಮುಂದೆ ಹೋಗಬಹುದು. ಕನ್ನಡದಲ್ಲಿ ಬಾಯಿ ತೆರೆದರೆ ತಾಯಿ ಕಡೆಯೋ ತಂದೆ ಕಡೆಯೋ ಹೇಳಿಯೇ ತೀರಬೇಕು. ಈಕೆಗೆ ಗೊತ್ತಿಲ್ಲದೇ ಇರುವುದು ಅದೊಂದೇ. ಯಾವ ಕಡೆ ಅಂತ ಹೇಳದ, ಆದರೆ ಹತ್ತಿರದವರು ಅನ್ನುವ ಮಾತು ಬೇಕು. ‘ಮ್ಯಾಚ್’ಗೂ ಒಂದು ಪದ ಹೇಳಿ.

ಮೈಸೂರಿನಿಂದ

‘ಸಮೀಪದ ರಕ್ತಸಂಬಂಧಿ’. ಕೋರ್ಟಿನಲ್ಲೂ ಆಸ್ಪತ್ರೆಯಲ್ಲೂ ನಡೆಯುತ್ತದೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ‘ಮಲತಮ್ಮ’ ಅಂತ ಮಾತ್ರ ಬರೆಯಬೇಡಿ. ‘ಮಲತಾಯಿ ಧೋರಣೆ’ ಅಂತ ದಿನಾ ಪೇಪರಿನಲ್ಲಿ ಓದುವ ಜನ ನಾವು.

ಶಿವಮೊಗ್ಗದಿಂದ

ರಕ್ತವೂ ಬೇಡ, ಸಂಬಂಧಿಯೂ ಬೇಡ. ನೆತ್ತರು ಇದೆ, ನಂಟು ಇದೆ. ‘ನೆತ್ತರ ನಂಟರು’ ಅನ್ನಿ. ದತ್ತು ಅನ್ನುವುದನ್ನೂ ಬಿಡಿ. ದತ್ತ ಅಂದರೆ ಸಂಸ್ಕೃತದಲ್ಲಿ ಕೊಟ್ಟದ್ದು. ಮಗುವನ್ನು ವಸ್ತುವಿನ ಹಾಗೆ ನೋಡುವ ಮಾತು ಅದು. ಸಾಕುಮಗಳು ಅನ್ನಿ. ಇನ್ನು ‘ಜೈವಿಕ ತಾಯಿ’ ಅಂತ ಎಲ್ಲಾದರೂ ಕಂಡರೆ ನನಗೆ ಮೈ ಉರಿಯುತ್ತದೆ. ಹೆತ್ತ ತಾಯಿ ಅನ್ನಲು ಏನು ಕಷ್ಟ? ಹೆರು ಹಿಂದೆ ಪೆಱು. ತಮಿಳಿನಲ್ಲಿ ಇವತ್ತಿಗೂ ಅದಕ್ಕೆ ಪಡೆಯುವುದು ಅಂತಲೇ ಅರ್ಥ. ನಮ್ಮ ಹಡೆ ಕೂಡ ಪಡೆಯೇ, ಪಕಾರ ಹಕಾರ ಆಗಿದೆ. ಹಿರಿಯರಿಗೆ ಹೆರುವುದು ಅಂದರೆ ಮಗುವನ್ನು ಪಡೆಯುವುದು. ಇಂಥ ಮಾತು ಮನೆಯಲ್ಲಿರುವಾಗ ಜೀವಶಾಸ್ತ್ರದ ಪಠ್ಯಪುಸ್ತಕ ಯಾಕೆ?

ಬೆಂಗಳೂರಿನಿಂದ

ಹೆತ್ತ ತಾಯಿ ಅಂತಲೇ ಹಾಕಿದ್ದೇನೆ, ಮೇಷ್ಟ್ರೇ. ನೆತ್ತರು ಅಂದರೆ ಗಾಯ ಕಣ್ಣಿಗೆ ಬರುತ್ತದೆ, ಅದು ಬೇಡ. ಸಾಕುಮಗಳೂ ಬೇಡ. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಮಗಳಿಗಿಂತ ಒಂದು ಮೆಟ್ಟಿಲು ಕೆಳಗೆ. ಈಕೆಯನ್ನು ಬೆಳೆಸಿದವರು ಹಾಗೆ ನೋಡಿಲ್ಲ.

ಹುಬ್ಬಳ್ಳಿಯಿಂದ

ವಕೀಲನಾಗಿ ಒಂದು ಮಾತು. 1979ರ ಕೋರ್ಟ್ ಆದೇಶದಲ್ಲಿ ದತ್ತು ಅನ್ನುವ ಪದ ಇಲ್ಲದೇ ಇರಬಹುದು. ಆಗ ವಿದೇಶದವರು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಕೆಳಗೆ ಮಗುವಿನ ಪಾಲಕರಾಗಿ ಕರೆದೊಯ್ಯುತ್ತಿದ್ದರು. ದತ್ತು ಆಗುತ್ತಿದ್ದದ್ದು ಅವರ ದೇಶದಲ್ಲಿ. ಇದಕ್ಕೆಲ್ಲ ಕಟ್ಟುನಿಟ್ಟಿನ ನಿಯಮ ಬಂದದ್ದು ಸುಪ್ರೀಂ ಕೋರ್ಟಿನ 1984ರ ಲಕ್ಷ್ಮೀಕಾಂತ್ ಪಾಂಡೆ ತೀರ್ಪಿನ ನಂತರ. ಆದ್ದರಿಂದ ‘ಸ್ವೀಡನ್‌ನಲ್ಲಿ ದತ್ತು ತೆಗೆದುಕೊಂಡರು’ ಅಂತ ಬರೆಯಿರಿ. ‘ಇಲ್ಲಿ ದತ್ತು ಕೊಟ್ಟರು’ ಅಂತ ಬರೆದರೆ ಆ ತಾಯಿಯ ಮೇಲೆ ಮಾಡದ ಕೆಲಸ ಹೊರಿಸಿದ ಹಾಗೆ. ಮಗು ಹೇಗೆ ಕೈಬಿಟ್ಟು ಹೋಯಿತೋ ಯಾರಿಗೆ ಗೊತ್ತು?

ಹಾಸನದಿಂದ

ಓದುವವರು ನಮ್ಮ ಕಡೆಯವರು, ಅದಕ್ಕೆ ಬರೆಯುತ್ತಿದ್ದೇನೆ. ನಂಟರು ತಪ್ಪು. ಇಲ್ಲಿ ನೆಂಟರು ಅಂದರೆ ಹೆಣ್ಣು ಕೊಟ್ಟು ತಂದವರು. ಹುಟ್ಟಿನ ಕಡೆಯವರು ಅಣ್ಣತಮ್ಮಂದಿರು, ದಾಯಾದಿಗಳು. ಹಾಗಂತ ದಾಯಾದಿ ಅಂತ ಬರೆದೀರಿ! ಅದರ ಮೂಲದಲ್ಲೇ ಪಾಲಿನ ಮಾತಿದೆ. ಜಮೀನು ಕೇಳಲು ಬಂದಳು ಅಂತ ಮನೆಯವರು ಕಾಗದ ಮಡಚಿಡುತ್ತಾರೆ.

ಇನ್ನೊಂದು. ಆ ಅಂಕಿಯನ್ನು ತೀರಾ ನಂಬಬೇಡಿ. ನಮ್ಮಲ್ಲಿ ಅಕ್ಕನ ಮಗಳನ್ನು ಸೋದರಮಾವನೇ ಮದುವೆಯಾಗುತ್ತಾನೆ, ಅತ್ತೆ ಮಗ ಮಾವನ ಮಗಳು ಆಗುತ್ತಾರೆ. ಒಬ್ಬರ ಜೊತೆ ಎರಡು ದಾರಿಯಿಂದ ಸಂಬಂಧ. ಆಗ ದೂರದವರೂ ಪರೀಕ್ಷೆಯಲ್ಲಿ ಹತ್ತಿರದವರಾಗಿ ಕಾಣಬಹುದು.

ಧಾರವಾಡದಿಂದ

ಇಷ್ಟು ಹೊತ್ತಾದರೂ ಯಾರಿಗೂ ಕಳ್ಳುಬಳ್ಳಿ ನೆನಪಾಗಲಿಲ್ಲವೇ? ಕರುಳಿನ ಬಳ್ಳಿ. ತಾಯಿ ಕಡೆ, ತಂದೆ ಕಡೆ, ಹಿರಿಯ, ಕಿರಿಯ, ಎಲ್ಲರೂ ಅದರಲ್ಲಿ ಬಂದರು. ‘ನಿಮ್ಮ ಮಗನೂ ನಾನೂ ಒಂದೇ ಕಳ್ಳುಬಳ್ಳಿ.’ ನಮ್ಮ ಕಡೆ ಯಾವ ಅಜ್ಜಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮ್ಯಾಚ್‌ಗೆ ‘ತಾಳೆ’ ಇದೆ. ಎಂಜಲಿನ ಪರೀಕ್ಷೆ ತಾಳೆಯಾಯಿತು.

ಶಿವಮೊಗ್ಗದಿಂದ

ಕಳ್ಳುಬಳ್ಳಿ ಚೆನ್ನಾಗಿದೆ. ತಾಳೆ ಲೆಕ್ಕದವರ ಮಾತು. ಮರಾಠಿಯ ತಾಳೇಬಂದ್ ನೋಡಿ, ಆಸ್ತಿ-ಸಾಲದ ಲೆಕ್ಕದ ಪಟ್ಟಿ ಅದು. ‘ಹೊಂದಿಕೆ’ ಸಾಕು.

ಧಾರವಾಡದಿಂದ

ಮರಾಠಿಯಾದರೆ ಏನಾಯಿತು? ಅರ್ಜಿ, ವಕೀಲ, ದಾಖಲೆ, ರುಜು, ಇವನ್ನೆಲ್ಲ ತೆಗೆದುಹಾಕಿ ತಾಲ್ಲೂಕು ಕಚೇರಿಗೆ ಒಂದು ಕಾಗದ ಬರೆದು ತೋರಿಸಿ. ಹಳ್ಳಿಯವರು ನೂರಾರು ವರ್ಷ ಬಾಯಲ್ಲಿಟ್ಟುಕೊಂಡ ಮಾತನ್ನು ಹೊರಗಿನದು ಅನ್ನಲು ನೀವು ಯಾರು? ಬೇರೆ ಮನೆಯಲ್ಲಿ ಹುಟ್ಟಿ ನಮ್ಮ ಮನೆಯಲ್ಲಿ ಬೆಳೆದ ಪದ ನಮ್ಮದೇ. ಈ ಕಾಗದ ಬರೆದ ಹೆಣ್ಣುಮಗಳ ಮುಂದೆ ನಿಂತು ಬೇರೆ ಮಾತಾಡುತ್ತೀರಾ?

ಶಿವಮೊಗ್ಗದಿಂದ

ಮನುಷ್ಯರ ಮಾತು ಬೇರೆ, ಪದದ ಮಾತು ಬೇರೆ. ಹೊಂದಿಕೆ ಇರುವಾಗ ತಾಳೆ ಯಾಕೆ ಅಂದೆ. ಅಷ್ಟೇ.

ಹಾಸನದಿಂದ

ಕಳ್ಳುಬಳ್ಳಿ ಇಲ್ಲಿ ನಡೆಯುವುದಿಲ್ಲ. ಕಳ್ಳು ಅಂದರೆ ಹೆಂಡ ಅಂತಲೇ ಓದುತ್ತಾರೆ. ಹೆಸರುಪದ ಹುಡುಕುವುದನ್ನು ಬಿಡಿ ಮೇಡಂ. ನಮ್ಮೂರಿಗೆ ಹೊಸಬರು ಯಾರೇ ಬಂದರೂ ಕೇಳುವ ಮೊದಲ ಪ್ರಶ್ನೆ ‘ನಿಮಗೆ ಅವರು ಏನಾಗಬೇಕು?’ ಅಂತ. ಅದನ್ನೇ ಬರೆಯಿರಿ. ಏನಾಗಬೇಕು ಅಂತ ಗೊತ್ತಿಲ್ಲ ಅನ್ನಿ.

ಮೈಸೂರಿನಿಂದ

ಮೈಟೊಕಾಂಡ್ರಿಯದ ಪರೀಕ್ಷೆ ಮಾಡಿಸಿದರೆ ಈ ಕಷ್ಟ ಅರ್ಧ ತೀರುತ್ತಿತ್ತು. ಜೀವಕೋಶದೊಳಗಿನ ಆ ಭಾಗಕ್ಕೆ ತನ್ನದೇ ಡಿಎನ್‌ಎ ಇದೆ, ಅದು ತಾಯಿಯಿಂದ ಮಾತ್ರ ಬರುವುದು. ಇಬ್ಬರದೂ ಬೇರೆ ಬಂದರೆ ಆ ಹೆಂಗಸು ಈಕೆಯ ತಾಯಿಯಲ್ಲ, ಅಲ್ಲಿಗೆ ತೀರಿತು.

ಬೆಂಗಳೂರಿನಿಂದ, ಗುರುವಾರ ರಾತ್ರಿ

ಆ ಪರೀಕ್ಷೆ ಬೇಡ ಅಂತ ಅಮೆರಿಕದಲ್ಲಿರುವ ಆ ಮಗನೇ ಹೇಳಿದ್ದಾರೆ. ತಾಯಿಯನ್ನು ಕೇಳದೆ ಅವರ ಗುಟ್ಟನ್ನು ಹಿಂದಿನಿಂದ ತೆಗೆಯಲು ಅವರಿಗೆ ಮನಸ್ಸಿಲ್ಲ. ನನಗೂ ಅದೇ ಸರಿ ಅನ್ನಿಸಿತು.

‘ಏನಾಗಬೇಕು’ ತೆಗೆದುಕೊಂಡಿದ್ದೇನೆ. ಹಾಸನದವರಿಗೆ ತುಂಬಾ ಥ್ಯಾಂಕ್ಸ್. ಮ್ಯಾಚ್‌ಗೆ ತಾಳೆಯೂ ಇಲ್ಲ, ಹೊಂದಿಕೆಯೂ ಇಲ್ಲ, ‘ಕೂಡಿ ಬಂದಿದೆ’ ಅಂತ ಮೊದಲ ದಿನ ನಾನೇ ಬರೆದಿದ್ದೆ, ಅದೇ ಉಳಿಯಿತು.

ಕೊನೆಗೆ ಬಹಳ ಹೊತ್ತು ಕೂರಿಸಿದ್ದು ಕಾಗದದ ಮೊದಲ ಸಾಲು. ಹಿರಿಯ ಹೆಂಗಸಿಗೆ ಬರೆಯುವಾಗ ಯಾರಾದರೂ ‘ಅಮ್ಮಾ’ ಅನ್ನುತ್ತೇವೆ, ಸುಮ್ನೆ ಗೌರವಕ್ಕೆ. ಇಲ್ಲಿ ಹಾಗೆ ಬರೆದರೆ ಅದು ಗೌರವವಾಗಿ ಉಳಿಯುವುದಿಲ್ಲ. ಆಕೆ ತಾಯಿಯೇ ಆಗಿದ್ದರೆ ಎದೆ ಒಡೆಯುತ್ತದೆ, ಅತ್ತಿಗೆಯಾಗಿದ್ದರೆ ಗಾಬರಿಯಾಗುತ್ತದೆ. ‘ಹಿರಿಯರಿಗೆ ನಮಸ್ಕಾರ’ ಅಂತ ಹಾಕಿದ್ದೇನೆ. ಮುಂದಿನ ಸಾಲುಗಳು ಹೀಗಿವೆ, ಕಾಗುಣಿತ ತಪ್ಪಿದ್ದರೆ ಬೆಳಗ್ಗೆ ಆರರೊಳಗೆ ಹೇಳಿ:

‘ನಿಮ್ಮ ಮಗ ಮತ್ತು ನಾನು ಮಾಡಿಸಿದ ಪರೀಕ್ಷೆ ಕೂಡಿ ಬಂದಿದೆ. ಅವರು ನನಗೆ ಹುಟ್ಟಿನಿಂದ ಹತ್ತಿರದವರು. ಏನಾಗಬೇಕು ಅನ್ನುವುದು ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ನಿಮಗೆ ಗೊತ್ತಿರಬಹುದು. ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡಿ. ನಾನು ಚೆನ್ನಾಗಿದ್ದೇನೆ.’