ನಿವೃತ್ತ ಯೋಧರ ನೆನಪಿನ ಪುಸ್ತಿಕೆ: ಸೇವೆ ಮತ್ತು ಸಂಸಾರ ಎರಡನ್ನೂ ಬೆಸೆಯುವುದು ಹೇಗೆ?

ಮಸಿಕುಡಿಕೆ:
ತೀರಿಕೊಂಡ ಹಿರಿಯ ಯೋಧರೊಬ್ಬರ ನೆನಪಿಗೆ 16 ಪುಟದ ಪುಸ್ತಿಕೆ ಆಗಬೇಕಿದೆ. ಅದರಿಂದಲೇ ಐದು ನಿಮಿಷದ ನುಡಿನಮನವನ್ನೂ ತೆಗೆಯಬೇಕು. ಕೈಯಲ್ಲಿರುವುದು ಸೇವಾ ದಾಖಲೆ, ನಾಲ್ಕು ಪದಕ, ಒಂದು ಕಟ್ಟು ಪತ್ರ, ಅಂಟುಹಾಳೆಯ ಹಳೇ ಆಲ್ಬಂ. ಕರಡಿನ ಮೊದಲರ್ಧ ಬರೀ ಪೋಸ್ಟಿಂಗ್ ಪಟ್ಟಿ, ಉಳಿದರ್ಧ ಬರೀ "ಪ್ರೀತಿಯ ತಂದೆ, ಆದರ್ಶ ಪತಿ". ಇಬ್ಬರು ಬೇರೆ ಬೇರೆ ಮನುಷ್ಯರ ಕತೆ ಓದಿದಂತಿದೆ. ಸರಿಪಡಿಸುವುದು ಹೇಗೆ?

ಕಡತಪ್ರಿಯ:
ಬರೆಯುವ ಮೊದಲೇ ಎರಡನ್ನೂ ಬೆಸೆಯಬೇಕು. ದೊಡ್ಡ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಸೇರ್ಪಡೆ, ತರಬೇತಿ, ವರ್ಗಾವಣೆ, ಬಡ್ತಿ, ರಜೆ, ಬಿಡುಗಡೆಯ ತಾರೀಖು. ಬಲಕ್ಕೆ ಮದುವೆ, ಮಕ್ಕಳ ಜನನ, ಕಾಯಿಲೆ, ಶಾಲೆ ಬದಲಾದದ್ದು, ಹಿರಿಯರ ಸಾವು. ಈಗ ಅಡ್ಡಡ್ಡ ಓದಿ. ಮಗು ಹುಟ್ಟಿದಾಗ ಅವರೆಲ್ಲಿದ್ದರು, ಎಷ್ಟು ತಿಂಗಳಿಗೆ ಅದರ ಮುಖ ನೋಡಿದರು, ಅಷ್ಟು ದಿನ ಮನೆ ತೂಗಿಸಿದವರು ಯಾರು? ಪುಸ್ತಿಕೆಯ ಜೀವ ಈ ಸಾಲುಗಳಲ್ಲೇ ಇದೆ, ಪೋಸ್ಟಿಂಗ್ ಪಟ್ಟಿ ಕೊನೆಯ ಪುಟಕ್ಕೆ ಸಾಕು.

ಪತ್ರವನ್ನು ಅದರ ಲಕೋಟೆಯಿಂದ ಬೇರೆ ಮಾಡಬೇಡಿ. ಎಷ್ಟೋ ಪತ್ರಗಳಲ್ಲಿ ತಿಂಗಳಿದ್ದರೂ ವರ್ಷ ಇರುವುದಿಲ್ಲ, ಆಗ ಅಂಚೆ ಮುದ್ರೆಯೇ ಗತಿ. ಸೈನಿಕ ಅಂಚೆಯ ಮುದ್ರೆಯಲ್ಲಿ ಊರಿನ ಬದಲು ಸಂಖ್ಯೆ ಮಾತ್ರ ಇರಬಹುದು, ಊರನ್ನು ಸೇವಾ ದಾಖಲೆಯ ತಾರೀಖಿನಿಂದ ಹೊಂದಿಸಿಕೊಳ್ಳಿ.

ಹೆಚ್ಚು ಎಡವುವುದು ಪದಕಗಳಲ್ಲಿ. ಶೌರ್ಯಕ್ಕೆ ಕೊಟ್ಟದ್ದು ಬೇರೆ, ಕಾರ್ಯಾಚರಣೆಯ ಪ್ರದೇಶದಲ್ಲಿ ನಿಗದಿತ ಅವಧಿ ಸೇವೆ ಮಾಡಿದವರಿಗೆಲ್ಲ ಕೊಟ್ಟದ್ದು ಬೇರೆ, ದೀರ್ಘ ಸೇವೆಗೆ ಕೊಟ್ಟದ್ದು ಬೇರೆ. ಎಲ್ಲವನ್ನೂ "ಶೌರ್ಯ ಪದಕ" ಎಂದು ಬರೆದರೆ ಜೊತೆಗಿದ್ದವರು ಒಂದೇ ನೋಟಕ್ಕೆ ತಪ್ಪು ಹಿಡಿಯುತ್ತಾರೆ, ಆಮೇಲೆ ನಿಜವಾದ ಸಂಗತಿಗಳ ಮೇಲೂ ಅನುಮಾನ ಬರುತ್ತದೆ. ಅಂಚಿನಲ್ಲಿ ಹೆಸರು, ಸಂಖ್ಯೆ ಕೆತ್ತಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಪಾಲಿಶ್ ಮಾತ್ರ ಬೇಡವೇ ಬೇಡ. ಉಜ್ಜಿದಷ್ಟೂ ಲೋಹ ಸವೆದು ಅಕ್ಷರ ಅಳಿಸುತ್ತದೆ.

ಬೆಳಕಿಂಡಿ:
ಆಲ್ಬಂ ಬಗ್ಗೆ. ಫೋಟೊ ಕೀಳುವ ಮುಂಚೆ ಪುಟವನ್ನು ಹಾಗೆಯೇ ಸ್ಕ್ಯಾನ್ ಮಾಡಿ. ಹರಿದರೂ ಪ್ರತಿ ಉಳಿಯುತ್ತದೆ. ಮೂಲೆ ಹಿಡಿದು ಎಳೆಯಬೇಡಿ. ಡೆಂಟಲ್ ಫ್ಲಾಸ್ ನೂಲನ್ನು ಫೋಟೊದ ಕೆಳಗೆ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿ, ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದ್ದನ್ನು 300ರಲ್ಲಿ ಮುದ್ರಿಸಿದರೆ ಉದ್ದಗಲ ಎರಡರಷ್ಟಾಗುತ್ತದೆ. ಸ್ಟ್ಯಾಂಪ್ ಗಾತ್ರದವಕ್ಕೆ 1200 ಇಡಿ. ಮೂಲ ಪ್ರತಿ, ಗುಣಮಟ್ಟ ಕುಂದದ ಕಡತ ಮಾದರಿಯಾದ ಟಿಫ್‌ನಲ್ಲಿರಲಿ.

ತಾರೀಖಿಲ್ಲದ ಚಿತ್ರಕ್ಕೆ ಸಮವಸ್ತ್ರವೇ ಸಾಕ್ಷಿ. ಎದೆಯ ಮೇಲೆ ಒಂದು ಪದಕದ ರಿಬ್ಬನ್ ಇದ್ದರೆ, ಆ ಪದಕ ಬರುವ ಮುಂಚಿನ ಚಿತ್ರ ಅದಲ್ಲ. ಅಡಿಬರಹದಲ್ಲಿ ಆಗಿನ ಹುದ್ದೆ ಹಾಕಿ, ನಿವೃತ್ತಿಯ ಹೊತ್ತಿನದ್ದಲ್ಲ. ಗುಂಪುಚಿತ್ರದ ಹೆಸರುಗಳನ್ನು ಜೆರಾಕ್ಸ್ ಪ್ರತಿಯ ಮೇಲೆ ಅಂಕಿ ಹಾಕಿ ಗುರುತಿಸಿ. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಒತ್ತು ಮುಂದಕ್ಕೂ ಮೂಡುತ್ತದೆ. ಅಂದಹಾಗೆ, ನಡುವೆ ಪಿನ್ ಹೊಡೆಯುವ ಪುಸ್ತಿಕೆಗೆ ಪುಟ ನಾಲ್ಕರ ಲೆಕ್ಕದಲ್ಲಿರಬೇಕು, 16 ಸರಿಯಾಗಿದೆ.

ತಿಳಿಗಾಳಿ:
"ಅವರು ಹೇಗಿದ್ದರು?" ಎಂದು ಕೇಳಿದರೆ "ತುಂಬ ಒಳ್ಳೆಯವರು" ಎಂಬ ಉತ್ತರವೇ ಬರುವುದು. "ಮನೆಯ ಯಾವ ಕೆಲಸವನ್ನು ಬೇರೆಯವರ ಕೈಗೆ ಬಿಡುತ್ತಿರಲಿಲ್ಲ? ರಜೆಗೆ ಬಂದ ಮೊದಲ ದಿನ ಏನು ಮಾಡುತ್ತಿದ್ದರು?" ಎಂದು ಕೇಳಿ. ಪತ್ನಿಯನ್ನು ಮೊದಲು, ಒಬ್ಬರೇ ಇದ್ದಾಗ ಮಾತಾಡಿಸಿ, ಒಪ್ಪಿದರೆ ರೆಕಾರ್ಡ್ ಮಾಡಿ. ಎಲ್ಲರೂ ಕೂತರೆ ಗಟ್ಟಿ ದನಿಯವರ ನೆನಪೇ ಗೆಲ್ಲುತ್ತದೆ. ಯುದ್ಧದ ಬಗ್ಗೆ ಯೋಧರು ಬಾಯಿ ಬಿಡದೆ ಹೋಗಿದ್ದರೆ ಆ ಮೌನವನ್ನು ಊಹೆಯಿಂದ ತುಂಬಬೇಡಿ, ಅದು ಅವರ ಹಕ್ಕು.

ಐದು ನಿಮಿಷಕ್ಕೆ ಎರಡು ಘಟನೆ ಸಾಕು. ಗಡಿಯಾರ ಇಟ್ಟು ಗಟ್ಟಿಯಾಗಿ ಓದಿ ನಾಲ್ಕು ನಿಮಿಷಕ್ಕೆ ಇಳಿಸಿ. ಗಂಟಲು ಕಟ್ಟಿದಾಗ ಉಳಿದ ನಿಮಿಷ ಬೇಕಾಗುತ್ತದೆ. ಅಂತರ್ಜಾಲದ ಪ್ರತಿಯಲ್ಲಿ ಸೇವಾ ಸಂಖ್ಯೆ, ಪಿಂಚಣಿ ಸಂಖ್ಯೆ, ಪೂರ್ಣ ಜನ್ಮದಿನಾಂಕ, ವಿಳಾಸ ಇರಬಾರದು. ಮೃತರ ಹೆಸರಿನಲ್ಲೂ ವಂಚನೆ ನಡೆಯುತ್ತದೆ.

ಮಸಿಕುಡಿಕೆ:
ಹಾಳೆಗೆ ಗೆರೆ ಎಳೆದಾಯಿತು, ಎಲ್ಲರಿಗೂ ವಂದನೆ. ಸೇವಾ ದಾಖಲೆಯ ಹುಟ್ಟಿದ ವರ್ಷಕ್ಕೂ ಮನೆಯವರು ಹೇಳುವುದಕ್ಕೂ ಎರಡು ವರ್ಷ ವ್ಯತ್ಯಾಸವಿದೆ. ಯಾವುದನ್ನು ಹಾಕಲಿ?

ಕಡತಪ್ರಿಯ:
ಎರಡನ್ನೂ. "ಸೇವಾ ದಾಖಲೆಯಂತೆ" ಎಂದು ಒಂದು, "ಮನೆಯವರ ಲೆಕ್ಕದಂತೆ" ಎಂದು ಇನ್ನೊಂದು. ಸೇರುವಾಗ ವಯಸ್ಸು ಹೆಚ್ಚುಕಡಿಮೆ ಬರೆಸಿದ ಉದಾಹರಣೆ ಬಹಳ. ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಿದರೆ ಮುಂದೆ ಮೊಮ್ಮಕ್ಕಳು ದಾಖಲೆ ಹುಡುಕುವಾಗ ಗೊಂದಲಕ್ಕೆ ಬೀಳುತ್ತಾರೆ.